ಲೋಹಶೋಧಕ ಕೆಟ್ಟಿದೆಯೆ, ಬ್ಯಾಟರಿ ಸೋತಿದೆಯೆ?

ನೇಮಕಾತಿ ಪರೀಕ್ಷೆಯ ದಿನ ಕೇಂದ್ರದ ಬಾಗಿಲಲ್ಲಿ ಅಭ್ಯರ್ಥಿಗಳ ಮೈಮೇಲೆ ಕೋಲಿನಂಥ ಉಪಕರಣವೊಂದನ್ನು ಆಡಿಸುವುದನ್ನು ನೀವು ನೋಡಿರಬೇಕು. ಮೆಟಲ್ ಡಿಟೆಕ್ಟರ್ ಎಂದೇ ಬಳಕೆಯಲ್ಲಿರುವ ಲೋಹಶೋಧಕ ಅದು. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲೂ, 2023ರ ಅಕ್ಟೋಬರ್‌ನಲ್ಲಿ ನಿಗಮ, ಮಂಡಳಿಗಳ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಪರೀಕ್ಷೆಯಲ್ಲೂ ಬ್ಲೂಟೂತ್ ಉಪಕರಣ ಬಳಸಿ ನಕಲು ಮಾಡಿದ ಪ್ರಕರಣಗಳು ಹೊರಬಿದ್ದ ಮೇಲೆ ನಮ್ಮ ರಾಜ್ಯದಲ್ಲಿ ಈ ತಪಾಸಣೆ ಬಿಗಿಯಾಯಿತು. ಹೀಗಾಗಿ ಪೊಲೀಸರ ಕೈಯಲ್ಲಿದ್ದ ಸಾಧನ ಶಿಕ್ಷಕರಿಗೂ ಪರಿಚಿತವಾಯಿತು.

ಈ ಸಾಧನ ಕೈಕೊಟ್ಟರೆ ಆಗುವ ಅನ್ಯಾಯ ಎರಡು ಬಗೆಯದು. ಸುಮ್ಮನಿದ್ದರೆ ಕಳ್ಳನೊಬ್ಬ ಒಳಗೆ ಹೋಗುತ್ತಾನೆ. ಸುಮ್ಮಸುಮ್ಮನೆ ಕೂಗಿದರೆ ಏನೂ ತಪ್ಪು ಮಾಡದ ಹುಡುಗಿಯೊಬ್ಬಳು ಪರೀಕ್ಷೆಗೆ ಹತ್ತು ನಿಮಿಷ ಇರುವಾಗ ಎಲ್ಲರೆದುರು ನಿಂತು ಓಲೆ, ಪಿನ್ನು ತೆಗೆಯಬೇಕಾಗುತ್ತದೆ. ಗಮನಿಸಬೇಕಾದ ಸಂಗತಿ ಎಂದರೆ, ಈ ಎರಡೂ ದೋಷಗಳು ಒಂದೇ ಕಾರಣದಿಂದ ಬರಬಲ್ಲವು. ಅದು ಬಹಳ ಸಲ ಬ್ಯಾಟರಿ, ಇಲ್ಲವೆ ಬ್ಯಾಟರಿಯಿಂದ ಮಂಡಲಕ್ಕೆ ಹೋಗುವ ಎರಡು ತಂತಿಗಳು.

ಕಾರಣ ತಿಳಿಯಲು ಲೋಹಶೋಧಕ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡೋಣ. ಅದರ ತಲೆಯೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು ಅದರಲ್ಲಿ ಹರಿದು, ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರ ಉಂಟಾಗುತ್ತದೆ. ಹತ್ತಿರ ಲೋಹ ಬಂದರೆ ಅದರಲ್ಲಿ ಸುಳಿ ವಿದ್ಯುತ್ಪ್ರವಾಹಗಳು ಹುಟ್ಟಿ ಸುರುಳಿಯ ಸಂಕೇತವನ್ನು ತುಸು ಬದಲಿಸುತ್ತವೆ. ಈ ಬದಲಾವಣೆ ಒಂದು ಗೊತ್ತಾದ ಮಿತಿಯನ್ನು ದಾಟಿದರೆ ಬಜರ್ ಕೂಗುತ್ತದೆ. ಅಂದರೆ ಸಾಧನದ ತೀರ್ಪೆಲ್ಲ ಒಂದು ಹೋಲಿಕೆಯ ಮೇಲೆ ನಿಂತಿದೆ. ವೋಲ್ಟೇಜ್ ಕುಸಿದಾಗ ಸಂಕೇತವೂ ಬದಲಾಗುತ್ತದೆ, ಹೋಲಿಸುವ ಮಿತಿಯೂ ಅಲುಗುತ್ತದೆ. ಯಾವುದು ಹೆಚ್ಚು ಅಲುಗಿತು ಎಂಬುದರ ಮೇಲೆ ಸಾಧನ ಮೂಕವಾಗಬಹುದು, ಅಥವಾ ಗಾಳಿಗೂ ಕೂಗಬಹುದು.

ಕೈಯಲ್ಲಿ ಹಿಡಿಯುವ ಶೋಧಕಗಳಲ್ಲಿ ಹೆಚ್ಚಿನವು ಬಳಸುವುದು ಚೌಕಾಕಾರದ 9 ವೋಲ್ಟ್ ಬ್ಯಾಟರಿಯನ್ನು. ಅದರೊಳಗೆ 1.5 ವೋಲ್ಟಿನ ಆರು ಪುಟ್ಟ ಕೋಶಗಳು ಸಾಲಾಗಿ ಜೋಡಣೆಗೊಂಡಿವೆ. ಇದನ್ನು ಮಲ್ಟಿಮೀಟರಿನಿಂದ ಅಳೆದು ‘8.8 ಇದೆ, ಬ್ಯಾಟರಿ ಚೆನ್ನಾಗಿದೆ’ ಎನ್ನುವವರೇ ಬಹಳ. ಆದರೆ ಮೀಟರು ಬ್ಯಾಟರಿಯಿಂದ ಎಳೆಯುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ಕೆಲಸವಿಲ್ಲದೆ ಕುಳಿತ ಎತ್ತಿನ ಬಲ ನೋಡಿದಂತೆ ಇದು. ನೊಗ ಹೂಡಿ ನೋಡಬೇಕು. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಓದುವ ‘ಕೋಶದ ಆಂತರಿಕ ರೋಧ’ ಇಲ್ಲಿ ಕೆಲಸಕ್ಕೆ ಬರುತ್ತದೆ.

220 ಓಮ್‌ನ ಅರ್ಧ ವ್ಯಾಟ್ ರೋಧಕವೊಂದನ್ನು ತೆಗೆದುಕೊಳ್ಳಿ. ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ಈಗ ರೋಧಕವನ್ನು ಬ್ಯಾಟರಿಯ ಎರಡು ತುದಿಗಳಿಗೆ ಐದು ಸೆಕೆಂಡು ಸೇರಿಸಿ ಮತ್ತೆ ಅಳೆಯಿರಿ. ಸುಮಾರು 40 ಮಿಲಿಆಂಪಿಯರ್ ಹರಿಯುತ್ತದೆ. ಹೊಸ ಆಲ್ಕಲೈನ್ ಬ್ಯಾಟರಿಯಲ್ಲಿ ಇಳಿಕೆ ತೀರ ಸ್ವಲ್ಪ. 8.8 ಇದ್ದದ್ದು 7.0ಕ್ಕೆ ಇಳಿಯಿತು ಎನ್ನಿ. ಆಗ ಆಂತರಿಕ ರೋಧ 220 × (8.8 − 7.0) ÷ 7.0, ಅಂದರೆ ಸುಮಾರು 57 ಓಮ್. ಇಂಥ ಬ್ಯಾಟರಿಯನ್ನು ಶೋಧಕಕ್ಕೆ ಹಾಕಿದರೆ ಏನಾಗುತ್ತದೆ? ಸುಮ್ಮನಿರುವಾಗ ಶೋಧಕ 10 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ ನಷ್ಟ ಸುಮಾರು 0.6 ವೋಲ್ಟ್ ಮಾತ್ರ. ದೀಪ ಹತ್ತುತ್ತದೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಲೋಹ ಸಿಕ್ಕಿ ಬಜರ್ ಕೂಗಿದೊಡನೆ ಎಳೆತ 50ಕ್ಕೆ ಏರಿದರೆ ನಷ್ಟ 2.8 ವೋಲ್ಟ್. ಮಂಡಲಕ್ಕೆ ಉಳಿಯುವುದು 6 ವೋಲ್ಟ್ ಮಾತ್ರ. ಒಳಗೆ 5 ವೋಲ್ಟಿನ ಹಳೆಯ ಮಾದರಿಯ ರೆಗ್ಯುಲೇಟರ್ ಇದ್ದರೆ ಅದಕ್ಕೆ ಸುಮಾರು 7 ವೋಲ್ಟ್ ಬೇಕು. ಹೀಗಾಗಿ ಕೂಗು ಶುರುವಾಗುತ್ತಲೇ ಸಾಧನ ಸೊರಗುತ್ತದೆ, ಕೂಗು ನಿಂತರೆ ಚೇತರಿಸಿಕೊಳ್ಳುತ್ತದೆ, ಮತ್ತೆ ಕೂಗುತ್ತದೆ. ‘ಕಿರ್ ಕಿರ್’ ಎಂದು ತುಂಡು ತುಂಡಾಗಿ ಬರುವ ದನಿ ಈ ದೋಷದ ಗುರುತು.

ರೋಧಕ ಸಿಗದಿದ್ದರೆ ಶೋಧಕವನ್ನೇ ಹೊರೆಯಾಗಿ ಬಳಸಿ. ಮುಚ್ಚಳ ತೆರೆದು, ಸ್ವಿಚ್ ಹಾಕಿ, ಲೋಹ ತೋರಿಸಿ ಕೂಗಿಸುತ್ತಲೇ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ.

ಹೊಸ ಬ್ಯಾಟರಿ ಹಾಕಿದರೂ ದೋಷ ಹೋಗಲಿಲ್ಲವೆ? ಆಗ ಸಂಪರ್ಕಗಳತ್ತ ನೋಡಬೇಕು. ನನ್ನ ಅಭಿಪ್ರಾಯದಲ್ಲಿ ಜನ ಹೆಚ್ಚು ಮೋಸಹೋಗುವುದು ಇಲ್ಲಿಯೇ. ಮಲ್ಟಿಮೀಟರನ್ನು ‘ಬೀಪ್’ ಸ್ಥಾನಕ್ಕೆ ತಿರುಗಿಸಿ ತಂತಿಯ ಎರಡು ತುದಿ ಮುಟ್ಟಿಸಿ, ಬೀಪ್ ಬಂದೊಡನೆ ಸಂಪರ್ಕ ಸರಿಯಾಗಿದೆ ಎಂದುಬಿಡುತ್ತೇವೆ. ಎಷ್ಟೋ ಮೀಟರುಗಳು 30 ಓಮ್ ರೋಧ ಇದ್ದರೂ ಬೀಪ್ ಎನ್ನುತ್ತವೆ! ಸರಿಯಾದ ಕ್ರಮ ಹೀಗಿದೆ: ಶೋಧಕ ಕೂಗುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಕಪ್ಪು ತಂತಿ ಮಂಡಲದ ಹಲಗೆಗೆ ಬೆಸೆದ ಜಾಗಕ್ಕೂ ಮುಟ್ಟಿಸಿ. ಕೆಲವೇ ಹತ್ತು ಮಿಲಿವೋಲ್ಟ್ ಬಂದರೆ ಸರಿ. ಅರ್ಧ ವೋಲ್ಟ್ ಬಂದರೆ ಕಳ್ಳ ಆ ದಾರಿಯಲ್ಲೇ ಇದ್ದಾನೆ. ಕೆಂಪು ತಂತಿಗೂ ಹೀಗೆಯೇ ಮಾಡಿ. ಸ್ವಿಚ್ಚು ಸಾಮಾನ್ಯವಾಗಿ ಆ ದಾರಿಯಲ್ಲೇ ಇರುವುದರಿಂದ ಅದರ ಎರಡು ಕಾಲುಗಳ ನಡುವೆಯೂ ಅಳೆಯಿರಿ.

ಸಿಕ್ಕ ದೋಷಗಳ ಪರಿಹಾರ ಕಷ್ಟದ್ದಲ್ಲ. ಬ್ಯಾಟರಿ ಕ್ಲಿಪ್ಪಿನ ಹೂವಿನಂಥ ತುದಿ ಸಡಿಲಾಗಿದ್ದರೆ ಇಕ್ಕಳದಿಂದ ಮೆಲ್ಲಗೆ ಒತ್ತಿ ಬಿಗಿಮಾಡಿ. ಮಂಕಾದ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಮರಳು ಕಾಗದ ಬೇಡ. ನಿಕ್ಕಲ್ ಲೇಪ ಹೋಗಿ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಬಿಳಿ ಪುಡಿ ಕಂಡರೆ ಅದು ಬ್ಯಾಟರಿ ಸೋರಿದ ಗುರುತು. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕಾರ್ಬೊನೇಟ್ ಆಗಿರುತ್ತದೆ. ಬರಿಗೈಯಿಂದ ಮುಟ್ಟದೆ, ಹತ್ತಿಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿ, ಅನಂತರ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ. ತಂತಿ ಕ್ಲಿಪ್ಪಿನ ಬುಡದಲ್ಲಿ ಹೊದಿಕೆಯ ಒಳಗೇ ತುಂಡಾಗಿರುವುದೂ ಉಂಟು. ಕಣ್ಣಿಗೆ ಕಾಣದು, ತಂತಿಯನ್ನು ಆಚೀಚೆ ಬಾಗಿಸಿದಾಗ ದೀಪ ಮಿಣುಕಿದರೆ ಕ್ಲಿಪ್ಪನ್ನೇ ಬದಲಿಸಿ.

ಸಂಪರ್ಕ ದೋಷದ ಕಥೆ ಲೋಹಶೋಧಕದಷ್ಟೇ ಹಳೆಯದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದೊಳಗಿನ ಗುಂಡನ್ನು ಪತ್ತೆಮಾಡಲು ಟೆಲಿಫೋನ್ ಖ್ಯಾತಿಯ ಅಲೆಗ್ಸಾಂಡರ್ ಗ್ರಹಾಂ ಬೆಲ್ ಪ್ರಚೋದನೆ ತತ್ತ್ವದ ಸಾಧನವೊಂದನ್ನು ತಂದರು. ಜುಲೈ 26ರ ಮೊದಲ ಪ್ರಯತ್ನದಲ್ಲಿ ಕೇಳಿಸಿದ್ದು ಬರಿ ಗೊರಗೊರ ಸದ್ದು. ಕಂಡೆನ್ಸರನ್ನು ತಪ್ಪಾಗಿ ಜೋಡಿಸಲಾಗಿತ್ತೆಂದು ಆಮೇಲೆ ತಿಳಿಯಿತು. ಎರಡನೆಯ ಸಲವೂ ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳೂ ಅಡ್ಡಿಯಾಗಿದ್ದವು. ನೀವೂ ಶೋಧಕವನ್ನು ಕಬ್ಬಿಣದ ಚೌಕಟ್ಟಿನ ಡೆಸ್ಕಿನ ಬಳಿ ಪರೀಕ್ಷಿಸಬೇಡಿ.

ಇನ್ನು ನಮ್ಮ ಊರುಗಳ ಮಾತು. ವಿಜಯಪುರ-ಸೋಲಾಪುರ ಹೆದ್ದಾರಿಯಲ್ಲಿರುವ ಇಂಡಿ ಸೀಮೆಯ ಝಳಕಿಯಂಥ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಿಲ್ಲಿಸಿದ ಜೀಪಿನೊಳಗೆ ಇನ್ನೂ ಹೆಚ್ಚು. ಬಿಸಿ ಏರಿದಷ್ಟೂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಬಳಸದಿದ್ದರೂ ನಡೆದು ಶಕ್ತಿ ಸೋರುತ್ತದೆ. ಪ್ರವೇಶ ಪರೀಕ್ಷೆಗಳೂ ಬಹುಪಾಲು ಇದೇ ತಿಂಗಳುಗಳಲ್ಲಿ. ಎರೆಮಣ್ಣಿನ ನುಣ್ಣನೆ ಧೂಳು ಸ್ವಿಚ್ಚಿನೊಳಗೆ ಸೇರುವುದು ಬೇರೆ.

ಇಂಥ ಊರಲ್ಲಿ ಪೆನ್ಸಿಲ್ ಸೆಲ್ ಕಿರಾಣಿ ಅಂಗಡಿಯಲ್ಲೂ ಸಿಕ್ಕೀತು. ಒಳ್ಳೆಯ 9 ವೋಲ್ಟ್ ಬ್ಯಾಟರಿಗೆ ಇಂಡಿಗೋ ವಿಜಯಪುರಕ್ಕೋ ಹೋಗಬೇಕಾಗಬಹುದು. ಶಾಲೆಯ ಪ್ರಯೋಗಕ್ಕಾದರೆ ಆರು ಪೆನ್ಸಿಲ್ ಸೆಲ್‌ಗಳ ಹೋಲ್ಡರ್ ಸಾಕು; ಅದು ಹೆಚ್ಚು ಕಾಲವೂ ಬಾಳುತ್ತದೆ. ಆದರೆ ಸೆಲ್‌ಗಳ ಉಕ್ಕಿನ ಕವಚ ಸುರುಳಿಯಿಂದ ದೂರವಿರಲಿ. ಮತ್ತೆ ಮತ್ತೆ ಚಾರ್ಜ್ ಮಾಡುವ ‘9 ವೋಲ್ಟ್’ ಬ್ಯಾಟರಿಗಳ ಬಗ್ಗೆ ಒಂದು ಎಚ್ಚರಿಕೆ: ನಿಕ್ಕಲ್ ಮೆಟಲ್ ಹೈಡ್ರೈಡ್ ಕೋಶದ ವೋಲ್ಟೇಜ್ 1.2 ಮಾತ್ರ. ಒಳಗೆ ಆರೇ ಕೋಶವಿದ್ದರೆ 7.2, ಏಳಿದ್ದರೆ 8.4. ಆರು ಕೋಶದ್ದನ್ನು ಹಾಕಿದರೆ ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತಿಗೇ ‘ಬ್ಯಾಟರಿ ಕಡಿಮೆ’ ದೀಪ ಹತ್ತಬಹುದು.

ಬಾಗಿಲ ಚೌಕಟ್ಟಿನಂತೆ ನಿಲ್ಲಿಸುವ ದೊಡ್ಡ ಶೋಧಕಗಳಲ್ಲಿ ಕಂಬಗಳ ನಡುವಿನ ಕೇಬಲ್ ಪ್ಲಗ್ಗುಗಳು ಸಡಿಲವಾಗುವುದು ಸಾಮಾನ್ಯ. ಪ್ಲಗ್ಗನ್ನು ಬಿಗಿಮಾಡುವ ಮೊದಲು ವಿದ್ಯುತ್ ಸಂಪರ್ಕ ತೆಗೆಯಿರಿ. 230 ವೋಲ್ಟ್ ಇರುವ ಪೆಟ್ಟಿಗೆಯನ್ನು ಮಾತ್ರ ನೀವು ತೆರೆಯಬೇಡಿ.

ಬ್ಯಾಟರಿ ಸೋತಾಗ ಸೂಕ್ಷ್ಮತೆಯ ತಿರುಪನ್ನು ತಿರುಗಿಸಿ ಕೆಲಸ ಸಾಗಿಸುವ ರೂಢಿಯೂ ಒಳ್ಳೆಯದಲ್ಲ. ಮುಂದೆ ಹೊಸ ಬ್ಯಾಟರಿ ಬಿದ್ದಾಗ ಅದೇ ಶೋಧಕ ಎಲ್ಲರ ಮೇಲೂ ಕೂಗುತ್ತದೆ. ಅದಕ್ಕೆ ಬದಲು, ಹೊಸ ಬ್ಯಾಟರಿ ಇರುವಾಗಲೇ ಒಂದು ರೂಪಾಯಿ ನಾಣ್ಯವನ್ನು ಎಷ್ಟು ದೂರದಿಂದ ಗುರುತಿಸುತ್ತದೆ ಎಂದು ಮರದ ಅಳತೆಪಟ್ಟಿಯಿಂದ ಅಳೆದು, ಆ ಸೆಂಟಿಮೀಟರನ್ನೂ ಬ್ಯಾಟರಿ ಹಾಕಿದ ದಿನಾಂಕವನ್ನೂ ಹಿಡಿಕೆಗೆ ಅಂಟಿಸಿಡಿ. ಪರೀಕ್ಷೆಯ ಬೆಳಿಗ್ಗೆ ಅದೇ ನಾಣ್ಯ ಹಿಡಿದು ನೋಡಿ. ದೂರ ಕುಗ್ಗಿದ್ದರೆ ಮೊದಲ ಅಭ್ಯರ್ಥಿ ಬರುವ ಮುಂಚೆ ಬ್ಯಾಟರಿ ಬದಲಿಸಿ. ಕೆಲಸ ಮುಗಿದ ಸಂಜೆ ಅದನ್ನು ಹೊರಗೆ ತೆಗೆದು, ತುದಿಗಳಿಗೆ ಟೇಪು ಸುತ್ತಿ ನೆರಳಲ್ಲಿಡಿ.