ಕಲ್ಲುಸಂದಿಯ ಅಂಚೆಪೆಟ್ಟಿಗೆ: ಕಂಡವರ ನಡತೆ

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ, ಡೆವನ್ ಸೀಮೆಯಲ್ಲಿ, ಡಾರ್ಟ್‌ಮೂರ್ ಎಂಬ ವಿಶಾಲವಾದ ಬಯಲುನಾಡಿದೆ. ಹೆಬ್ಬಂಡೆಗಳು, ಜೌಗುನೆಲ, ನೋಡನೋಡುತ್ತಲೇ ಕವಿಯುವ ಮಂಜು ಇವು ಅಲ್ಲಿಯ ಲಕ್ಷಣಗಳು. ಷರ್ಲಾಕ್ ಹೋಮ್ಸನ ಬೇಟೆನಾಯಿಯ ಕಥೆಯನ್ನು ಓದಿದವರಿಗೆ ಈ ಹೆಸರು ಹೊಸದೇನಲ್ಲ. 1854ರಲ್ಲಿ ಚಾಗ್‌ಫರ್ಡ್ ಊರಿನ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯು ಈ ಬಯಲಿನ ದುರ್ಗಮವಾದ ಕ್ರ್ಯಾನ್‌ಮಿಯರ್ ಪೂಲ್ ಎಂಬಲ್ಲಿ ಒಂದು ಸೀಸೆಯನ್ನಿಟ್ಟನು. ಅಲ್ಲಿಯವರೆಗೆ ನಡೆದು ಹೋದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಬರುತ್ತಿದ್ದರು. ಕಾಲಕ್ರಮದಲ್ಲಿ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಕಾರ್ಡುಗಳನ್ನು ಇಟ್ಟುಬರುವುದೂ, ಅನಂತರ ಬಂದವರು ಅವನ್ನು ಒಯ್ದು ಅಂಚೆಗೆ ಹಾಕುವುದೂ ರೂಢಿಯಾಯಿತು. ಲೆಟರ್‌ಬಾಕ್ಸಿಂಗ್ ಎಂಬ ಹವ್ಯಾಸಕ್ಕೆ ಹೆಸರು ಬಂದುದು ಹೀಗೆ.

ಕಾರ್ಡು ಇಟ್ಟವರು ಯಾರೋ, ಒಯ್ಯುವವರು ಯಾರೋ. ಕಾವಲಿಲ್ಲ, ರಸೀದಿಯಿಲ್ಲ. ಪರರ ವಸ್ತುವನ್ನು ಮುಟ್ಟಬಾರದೆಂದು ಕೇಳುತ್ತ ಬೆಳೆದ ನಮಗೆ, ಪರರ ವಸ್ತುವನ್ನು ಜೋಪಾನವಾಗಿ ಮುಟ್ಟಿಸಬೇಕೆಂಬ ಈ ಕಟ್ಟಳೆ ಬಹಳ ಹಿಡಿಸಿತು.

ಇಂದು ಆ ಬಯಲಿನಲ್ಲಿ ಇಂಥ ಪೆಟ್ಟಿಗೆಗಳು ಬಹುಸಂಖ್ಯೆಯಲ್ಲಿವೆ. 1938ರಲ್ಲಿ ಡಕ್ಸ್ ಪೂಲ್ ಎಂಬಲ್ಲಿ ಇಟ್ಟದ್ದು, ಡಾರ್ಟ್‌ಮೂರ್ ಕುರಿತು ಗ್ರಂಥ ಬರೆದ ವಿಲಿಯಂ ಕ್ರಾಸಿಂಗ್ ಅವರ ಸ್ಮಾರಕವೇ ಆಗಿದೆ. 1998ರಲ್ಲಿ ಸ್ಮಿತ್ಸೋನಿಯನ್ ಪತ್ರಿಕೆಯಲ್ಲಿ ಲೇಖನವೊಂದು ಪ್ರಕಟವಾದ ಮೇಲೆ ಅಮೆರಿಕದಲ್ಲಿಯೂ ಈ ಹವ್ಯಾಸ ಹಬ್ಬಿತು. ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಈ ಎರಡೂ ದೇಶಗಳಲ್ಲಿ ನೆಲೆಸಿರುವುದರಿಂದ, ರಜೆಯಲ್ಲಿ ಅಲ್ಲಿಗೆ ಹೋಗುವ ಹಿರಿಯರೂ ಮೊಮ್ಮಕ್ಕಳೊಡನೆ ಹುಡುಕಲು ಹೊರಡಬಹುದು.

ಪೆಟ್ಟಿಗೆಯೊಳಗೆ ಒಂದು ರಬ್ಬರ್ ಮೊಹರು, ಒಂದು ಪುಸ್ತಕ ಇರುತ್ತವೆ. ಹುಡುಕಿದವರು ಆ ಮೊಹರನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು, ತಮ್ಮ ಸ್ವಂತ ಮೊಹರನ್ನು ಅಲ್ಲಿಯ ಪುಸ್ತಕದಲ್ಲಿ ಒತ್ತಿ, ದಿನಾಂಕ ಬರೆಯುತ್ತಾರೆ. ತರುವುದು ಗುರುತನ್ನು ಮಾತ್ರ. ಮೊಹರು ಎಷ್ಟೇ ಸುಂದರವಾಗಿರಲಿ, ಅದು ಅಲ್ಲಿಯೇ ಉಳಿಯಬೇಕು. ತೆರೆಯುವ ಮುನ್ನ ಸುತ್ತ ನೋಡಬೇಕು. ದಾರಿಹೋಕರಿದ್ದರೆ ಅವರು ಸಾಗುವತನಕ ಸುಮ್ಮನೆ ಕುಳಿತಿರುವುದು ಲೇಸು. ಅಡಗಿಸಿಟ್ಟ ಜಾಗ ಬಯಲಾದರೆ ಮುಂದಿನವರ ಹುಡುಕಾಟವೇ ಕೆಡುತ್ತದೆ. ಮೊಹರು ಒತ್ತುವ ಕೆಲಸವನ್ನು ಬಚ್ಚಿಟ್ಟ ಸಂದಿಯಿಂದ ತುಸು ದೂರದಲ್ಲಿ ಮಾಡುವುದು ಇನ್ನೂ ಒಳ್ಳೆಯದು. ಮುಗಿದ ಮೇಲೆ ಮೊಹರಿನ ಮಸಿಯನ್ನೊರೆಸಿ, ಚೀಲದ ಬಾಯಿ ಬಿಗಿದು, ಮುಚ್ಚಳ ಭದ್ರಪಡಿಸಬೇಕು. ಮಳೆಯ ನಾಡದು, ಒಬ್ಬರ ಅಲಕ್ಷ್ಯದಿಂದ ಎಷ್ಟೋ ಜನರ ಬರಹ ಒಂದೇ ರಾತ್ರಿಯಲ್ಲಿ ಮುದ್ದೆಯಾದೀತು. ಕೊನೆಯಲ್ಲಿ ಮೊದಲಿದ್ದ ಸ್ಥಳದಲ್ಲಿಯೇ, ಮೊದಲಿದ್ದಂತೆಯೇ ಇಟ್ಟು ಮರೆಮಾಡಬೇಕು. ಇದಕ್ಕಿಂತ ಚೆನ್ನಾದ ಜಾಗ ಕಂಡಿತೆಂದು ಬದಲಾಯಿಸುವ ಜಾಣ್ಮೆ ಬೇಡ. ಇಟ್ಟವರ ಸುಳಿವುಗಳೆಲ್ಲ ಹಳೆಯ ಜಾಗಕ್ಕೇ ಹೊಂದಿರುತ್ತವೆ.

ಡಾರ್ಟ್‌ಮೂರಿನಲ್ಲಿ ಕಂಚಿನ ಯುಗದ ವಸತಿಗಳ ಅವಶೇಷಗಳೂ ಸಾಲುಗಲ್ಲುಗಳೂ ಇವೆ. ಹುಡುಕುವ ಭರದಲ್ಲಿ ಅಂಥ ಕಲ್ಲುಗಳನ್ನು ಕೀಳುವುದು, ಗೋಡೆಗಳನ್ನು ಕೆಡವುವುದು, ನೆಲ ಅಗೆಯುವುದು ಸರ್ವಥಾ ಸಲ್ಲದು. ಕುರಿ, ಕುದುರೆಗಳು ಮೇಯುವ ನೆಲವಾದುದರಿಂದ ಬಾಗಿಲುಗಳನ್ನು ಇದ್ದ ಸ್ಥಿತಿಯಲ್ಲೇ ಬಿಡಬೇಕು. ಉತ್ತರ ಭಾಗದಲ್ಲಿ ಸೈನ್ಯದ ಗುಂಡು ಹಾರಿಸುವ ವಲಯಗಳಿವೆ. ಕೆಂಪು ಬಾವುಟ ಹಾರುತ್ತಿದ್ದರೆ ಅತ್ತ ಕಾಲಿಡಬಾರದು, ಬಿದ್ದಿರುವ ಲೋಹದ ವಸ್ತುವನ್ನು ಮುಟ್ಟಲೂಬಾರದು. ಬೇಸಿಗೆಯಲ್ಲಿ ಬಂಡೆಗಳ ನಡುವೆ ಆ್ಯಡರ್ ಎಂಬ ವಿಷದ ಹಾವು ಮಲಗಿರುವುದುಂಟು. ಸಂದಿಗೆ ಕೈ ಹಾಕುವ ಮುನ್ನ ಕೋಲಿನಿಂದ ತಡವಿ ನೋಡಬೇಕೆಂದು ಮಕ್ಕಳಿಗೆ ಮೊದಲೇ ಹೇಳಿಡಬೇಕು.

ಪೆಟ್ಟಿಗೆ ಒಡೆದಿದ್ದರೆ, ಒಳಗೆ ಇಟ್ಟವರ ವಿಳಾಸವಿದ್ದಲ್ಲಿ ನಾಲ್ಕು ಸಾಲು ಬರೆದು ತಿಳಿಸುವುದು ಸೌಜನ್ಯ. ಒಳಗೆ ಕಾರ್ಡೇನಾದರೂ ಸಿಕ್ಕರೆ ಒದ್ದೆಯಾಗದಂತೆ ತಂದು, ಮರುದಿನವೇ ಅಂಚೆಗೆ ಹಾಕಬೇಕು.