ಟ್ರ್ಯಾಕ್ಟರಿಗೆ ಟೇಪು

ದೀಪಾವಳಿ ಕಳೆದು ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ರಸ್ತೆಗಳಿಗೆ ಬೇರೊಂದು ಕಳೆಯೇ ಬರುತ್ತದೆ. ಎರಡೆರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು ಗಬ್ಬದ ಎಮ್ಮೆಯಂತೆ ಓಲಾಡುತ್ತ ಬರುವ ಟ್ರ್ಯಾಕ್ಟರು ನಮಗೆ ಕಾಣಿಸುವ ಮೊದಲೇ ಕೇಳಿಸುತ್ತದೆ. ಮೊದಲು ಹಾಡು, ಆಮೇಲೆ ಇಂಜಿನ್ನು, ಕಟ್ಟಕಡೆಗೆ ಕಬ್ಬು! ಕನ್ನಡ ಜಾನಪದವೂ ಮರಾಠಿ ಗೀತೆಯೂ ಒಂದೇ ರಸ್ತೆಯಲ್ಲಿ ಎದುರುಬದುರಾಗಿ ಹಾದುಹೋಗುವುದು ನಮ್ಮ ಗಡಿನಾಡಿನ ನಿತ್ಯದ ನೋಟ.

ಈ ಗಾಯನಯಂತ್ರಕ್ಕೆ ನಮ್ಮವರು ಇಂದಿಗೂ ‘ಟೇಪು’ ಎಂದೇ ಹೇಳುತ್ತಾರೆ. ಫಿಲಿಪ್ಸ್ ಕಂಪನಿಯವರು 1963ರಲ್ಲಿ ಹೊರತಂದ ಕ್ಯಾಸೆಟ್ಟು ಹೋಗಿ ಆ ಸ್ಥಾನಕ್ಕೆ ಹೆಬ್ಬೆರಳಿನಷ್ಟು ಪೆನ್‌ಡ್ರೈವು ಬಂದಿದ್ದರೂ ಹೆಸರು ಮಾತ್ರ ಉಳಿದುಕೊಂಡಿದೆ. ವಾಹನದಲ್ಲಿ ಹಾಡು ಕೇಳುವ ಹವ್ಯಾಸವಂತೂ ಇನ್ನೂ ಹಳೆಯದು. ಅಮೆರಿಕೆಯ ಗ್ಯಾಲ್ವಿನ್ ಸಹೋದರರು 1930ರಲ್ಲಿ ಮೋಟಾರಿನೊಳಗಿನ ರೇಡಿಯೋವನ್ನು ‘ಮೋಟೊರೋಲಾ’ ಎಂಬ ಹೆಸರಿನಿಂದ ಮಾರತೊಡಗಿದರು. ಆ ಸಂತತಿಯ ಮರಿಯೊಂದನ್ನು ಕಳೆದ ಹಂಗಾಮಿನ ಮುನ್ನ ನಮ್ಮ ಕಾಕಾನ ಟ್ರ್ಯಾಕ್ಟರಿಗೆ ನಾನೇ ಕೂಡಿಸಿದೆ. ಕಲಾ ವಿಭಾಗದ ವಿದ್ಯಾರ್ಥಿಗೆ ವಾಯರಿನ ಗೊಡವೆ ಏಕೆಂದು ಗುರುಗಳು ಕೇಳಬಹುದು. ಕೂಡಿಸುವುದು ಕಷ್ಟವಲ್ಲ, ತಿಳಿಯದೆ ಕೂಡಿಸುವುದು ಕಷ್ಟ ಎಂಬ ಪಾಠವನ್ನು ನಾನು ಕಲಿತುದು ಅಲ್ಲಿಯೇ. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಸೆಟ್ಟಿನ ಹಿಂಭಾಗದಿಂದ ಬಣ್ಣಬಣ್ಣದ ವಾಯರುಗಳ ಒಂದು ಜಡೆ ಇಳಿದಿರುತ್ತದೆ. ಹೊಸಬನು ಅದನ್ನು ಕಂಡೊಡನೆ ಎದೆಗೆಡುತ್ತಾನೆ. ಆದರೆ ಈ ಬಣ್ಣಗಳಿಗೆ ಬಹುಮಟ್ಟಿಗೆ ಎಲ್ಲ ಕಂಪನಿಗಳವರೂ ಒಪ್ಪಿ ನಡೆಯುವ ಒಂದು ರೂಢಿಯಿದೆ. ಹಳದಿಯದು ಬ್ಯಾಟರಿಯ ಧನಧ್ರುವಕ್ಕೆ ನೇರವಾಗಿ ಹೋಗತಕ್ಕದ್ದು. ಗಡಿಯಾರ, ಸ್ಟೇಶನ್ನು ಮೊದಲಾದ ಸೆಟ್ಟಿನ ನೆನಪು ಇದರಿಂದ ಉಳಿಯುತ್ತದೆ. ಕೆಂಪು ಕೀಲಿಯ ಮೂಲಕ ಬರಬೇಕು. ಕೀಲಿ ತಿರುಗಿಸಿದರೆ ಸೆಟ್ಟು ಏಳುತ್ತದೆ, ತೆಗೆದರೆ ಮಲಗುತ್ತದೆ. ಕಪ್ಪು ಗಾಡಿಯ ಲೋಹದ ಮೈಗೆ, ಅಂದರೆ ಋಣಧ್ರುವಕ್ಕೆ. ಬಿಳಿ, ಬೂದು, ಹಸಿರು, ನೇರಳೆ ಇವು ನಾಲ್ಕು ಸ್ಪೀಕರುಗಳವು; ಅದೇ ಬಣ್ಣದ ಮೇಲೆ ಕಪ್ಪು ಗೆರೆಯಿದ್ದರೆ ಅದು ಆಯಾ ಸ್ಪೀಕರಿನ ಋಣದ ತುದಿ. ನೀಲಿ ಬಿಳಿ ಗೆರೆಯದು ಆಂಪ್ಲಿಫಾಯರನ್ನು ಎಬ್ಬಿಸುವ ದೂತ. ಆದರೂ ಪೆಟ್ಟಿಗೆಯೊಳಗಿನ ಹಾಳೆಯನ್ನು ಓದಿ, ಟೆಸ್ಟ್ ಲ್ಯಾಂಪು ಹಿಡಿದು ಪರೀಕ್ಷಿಸಿದ ಮೇಲೆಯೇ ಬಣ್ಣವನ್ನು ನಂಬಬೇಕು. ಗಾಡಿಯ ಕಡೆಯ ವಾಯರನ್ನು ನಮಗಿಂತ ಮೊದಲು ಯಾರು ಕಡಿದು ಜೋಡಿಸಿದ್ದಾರೋ ಬಲ್ಲವರಾರು?

ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ಋಣಧ್ರುವವನ್ನು ಬಿಚ್ಚಬೇಕು. ಎಲ್ಲ ಮುಗಿದ ಮೇಲೆ ಕಡೆಯಲ್ಲಿ ಅದನ್ನೇ ಜೋಡಿಸಬೇಕು. ಮೊದಲು ಧನಧ್ರುವಕ್ಕೆ ಪಾನಾ ಹಾಕಿ, ಆ ಪಾನಾ ಗಾಡಿಯ ಮೈಗೆ ತಾಗಿದರೆ ನೂರಾರು ಆಂಪಿಯರುಗಳ ಪ್ರವಾಹ ಒಮ್ಮೆಲೆ ಹರಿದು ಕಿಡಿ ಹಾರುತ್ತದೆ. ಋಣವನ್ನು ಮೊದಲೇ ಬಿಚ್ಚಿದ್ದರೆ ಆ ಪ್ರವಾಹಕ್ಕೆ ಮರಳುವ ದಾರಿಯೇ ಇರುವುದಿಲ್ಲ.

ಇನ್ನು ಫ್ಯೂಸಿನ ಮಾತು. ಇಡೀ ಸಾಹಿತ್ಯದಲ್ಲಿ ಅತ್ಯಂತ ಅಗ್ಗದ ವಸ್ತು ಅದು. ಅತ್ಯಂತ ಪ್ರಾಮಾಣಿಕ ವಸ್ತುವೂ ಅದೇ. ನಾನು ತಂದ ಪೆಟ್ಟಿಗೆಯ ಮೇಲೆ ‘50 ವ್ಯಾಟ್, ನಾಲ್ಕು ಸ್ಪೀಕರು’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಅಂದರೆ ಒಟ್ಟು 200 ವ್ಯಾಟ್. ಆದರೆ ಸೆಟ್ಟಿನ ಬೆನ್ನಿಗಿದ್ದ ಫ್ಯೂಸಿನ ಮೇಲೆ ಬರೆದುದು 10 ಆಂಪಿಯರ್. ಇಂಜಿನ್ನು ತಿರುಗುವಾಗ ಸುಮಾರು 14 ವೋಲ್ಟ್ ಸಿಗುತ್ತದೆ. ಗುಣಿಸಿದರೆ 140 ವ್ಯಾಟ್. ಒಳಗೆ ಹೋಗುವುದೇ ಇಷ್ಟಾದರೆ ಹೊರಗೆ 200 ಎಲ್ಲಿಂದ ಬರಬೇಕು? ಅದರಲ್ಲಿಯೂ ಒಂದು ಪಾಲು ಶಾಖವಾಗಿ ಹೋಗುತ್ತದೆ. ಒಂದೊಂದು ಸ್ಪೀಕರಿಗೆ ನಿಜವಾಗಿ ದೊರೆಯುವುದು 15–20 ವ್ಯಾಟ್ ಎಂದು ತಿಳಿದರೆ ಸಾಕು.

ಫ್ಯೂಸು ಸೆಟ್ಟನ್ನು ಕಾಯುತ್ತದೆಂದು ಹಲವರು ಬಗೆದಿದ್ದಾರೆ. ಬ್ಯಾಟರಿಯ ಬಳಿಯ ಫ್ಯೂಸು ಕಾಯುವುದು ವಾಯರನ್ನು. ಹಳದಿ ವಾಯರು ಎಲ್ಲಿಯೋ ತಗಡಿಗೆ ಉಜ್ಜಿ ಸುಲಿದು ಮೈಗೆ ತಾಗಿತೆನ್ನಿ. ಫ್ಯೂಸು ದೂರದಲ್ಲಿ ಸೆಟ್ಟಿನ ಹತ್ತಿರ ಮಾತ್ರ ಇದ್ದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವಾಯರು ಕೆಂಪಗೆ ಕಾದು ಉರಿಯುತ್ತದೆ. ಹಿಂದೆ ಕಬ್ಬು, ಅಲ್ಲಲ್ಲಿ ಸಿಕ್ಕಿಕೊಂಡ ಒಣ ರವದಿ, ಮುಂದಿನದನ್ನು ಹೇಳಬೇಕಾಗಿಲ್ಲ. ಆದುದರಿಂದ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು ಇರಬೇಕು. ತಗಡಿನ ರಂಧ್ರದಲ್ಲಿ ವಾಯರು ಹಾಯುವಲ್ಲಿ ರಬ್ಬರಿನ ಬಳೆ ಬೇಕು. ಸುಟ್ಟ ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿ ಹಾಳೆಯನ್ನು ಸುತ್ತುವ ಜಾಣರಿದ್ದಾರೆ. ಅವರು ಕಾವಲುಗಾರನನ್ನು ಓಡಿಸಿ ಕಳ್ಳನಿಗೆ ಚಹಾ ಕೊಟ್ಟಂತೆಯೇ ಸರಿ.

ಸ್ಪೀಕರಿನ ವಿಷಯ ಎರಡೇ ಮಾತು. ಸಾಧಾರಣ ಸ್ಪೀಕರಿನ ತಡೆ 4 ಓಮ್. ಸದ್ದು ಹೆಚ್ಚಲೆಂದು ಒಂದೇ ಜೋಡಿ ವಾಯರಿಗೆ ಎರಡನ್ನು ಸಮಾನಾಂತರವಾಗಿ ಕಟ್ಟಿದರೆ ತಡೆ 2 ಓಮಿಗೆ ಇಳಿದು ಸೆಟ್ಟು ಕಾದು ಕೆಡುತ್ತದೆ. ಧನ ಋಣ ಅದಲುಬದಲಾದರೆ ಒಂದು ಸ್ಪೀಕರು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದು ಡೊಳ್ಳಿನ ಸದ್ದೇ ಬಡವಾಗುತ್ತದೆ. ಗುರುತು ಅಳಿಸಿದ್ದರೆ ಟಾರ್ಚಿನ 1.5 ವೋಲ್ಟಿನ ಸೆಲ್ಲನ್ನು ಕ್ಷಣಕಾಲ ತಾಗಿಸಿ ನೋಡಿ; ಕಾಗದದ ಶಂಕು ಹೊರಗೆ ಜಿಗಿದರೆ ಸೆಲ್ಲಿನ ಧನ ತಾಗಿದುದೇ ಸ್ಪೀಕರಿನ ಧನ.

ಇಷ್ಟೆಲ್ಲವನ್ನು ಬಲ್ಲ ನಾನು ಮಾಡಿದ ತಪ್ಪು ಯಾವುದು? ಕೀಲಿಯಿಲ್ಲದೆಯೂ ಹಾಡಲಿ ಎಂಬ ಆಸೆಯಿಂದ ಕೆಂಪನ್ನೂ ಹಳದಿಯನ್ನೂ ಒಂದೇ ಮಾಡಿ ಬ್ಯಾಟರಿಗೆ ಕಟ್ಟಿಬಿಟ್ಟೆ. ಸೆಟ್ಟು ಅದೇ ಗಳಿಗೆಯಲ್ಲಿ ಹಾಡಿತು. ಕಾಕಾ ಹಿಗ್ಗಿದ, ನಾನು ಬೀಗಿದೆ. ಮೂರನೆಯ ರಾತ್ರಿ ಕಾರಖಾನೆಯ ಅಂಗಳದಲ್ಲಿ ನಮ್ಮ ಗಾಡಿ ಪಾಳಿಗೆ ನಿಂತಿತು. ಇಂಜಿನ್ನು ಬಂದು, ಹಾಡು ಚಾಲೂ. ಕೇಳುತ್ತ ಕೇಳುತ್ತಲೇ ಕಾಕಾನಿಗೆ ನಿದ್ದೆ ಹತ್ತಿತು. ಬೆಳಗಿನ ಜಾವ ಪಾಳಿ ಬಂದಾಗ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು, ಅಷ್ಟೇ.

ಲೆಕ್ಕ ಸರಳವಾಗಿದೆ. ಸೆಟ್ಟು, ಆಂಪ್ಲಿಫಾಯರು ಕೂಡಿ ಸತತವಾಗಿ 5 ಆಂಪಿಯರು ಎಳೆದರೆ 8 ತಾಸಿಗೆ 40 ಆಂಪಿಯರ್-ತಾಸು. ಹೊಸ ಬ್ಯಾಟರಿಯ ಹುರುಪೇ 75 ಆಂಪಿಯರ್-ತಾಸು. ಹಳೆಯದು ಅಷ್ಟು ಕೊಡದು. ಹಾಡಿಗೆ ಸಾಲುವ ಅಳಿದುಳಿದ ಶಕ್ತಿ ಸ್ಟಾರ್ಟರಿಗೆ ಸಾಲದು. ಅದು ಒಂದೇ ಏಟಿಗೆ ನೂರಾರು ಆಂಪಿಯರು ಬೇಡುತ್ತದೆ. ತುಂಬಿದ ಟ್ರೇಲರು ಸಮೇತ ಟ್ರ್ಯಾಕ್ಟರನ್ನು ನೂಕುವವರಾರು? ಹಿಂದಿನ ಗಾಡಿಗಳು ಒಂದೊಂದಾಗಿ ನಮ್ಮನ್ನು ದಾಟಿ ಹೋದವು. ಪಕ್ಕದವರ ಬ್ಯಾಟರಿಯಿಂದ ಜಂಪ್ ಪಡೆದು ಗಾಡಿ ಎಬ್ಬಿಸುವಷ್ಟರಲ್ಲಿ ಪಾಳಿ ತಪ್ಪಿ ಸಂಜೆಯಾಯಿತು. ಕಡಿದ ಕಬ್ಬು ಬಿಸಿಲಿಗೆ ತೂಕ ಕಳೆದುಕೊಳ್ಳುತ್ತದೆ; ಅದರ ಸಕ್ಕರೆಯೂ ಕರಗುತ್ತದೆ. ರೈತನಿಗೆ ಹಣ ಸಿಗುವುದು ತೂಕದ ಮೇಲೆ. ವರ್ಷದ ದುಡಿಮೆ ಹಾಡಿನ ಪಾಲಾಗಿ ಕಣ್ಣೆದುರಿಗೇ ಒಣಗುತ್ತಿತ್ತು.

ಕಾಕಾ ಬೈಯಲಿಲ್ಲ. “ತಮ್ಮಾ, ಹಾಡು ಹಚ್ಚೂದ ಕಲ್ತಿ, ಬೇಶ್ ಆತು. ಇನ್ನ ಬಂದ್ ಮಾಡೂದೂ ಕಲಿ” ಎಂದ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಮರುದಿನವೇ ಕೆಂಪನ್ನು ಬೇರ್ಪಡಿಸಿ ಕೀಲಿಗೆ ಕೂಡಿಸಿದೆ.

ಇನ್ನೊಂದು ಮಾತು ಉಳಿಯಿತು. ಅದು ವಾಯರಿನದಲ್ಲ, ಕಿವಿಯದು. ನಮ್ಮ ಇಕ್ಕಟ್ಟಾದ ರಸ್ತೆಗಳಲ್ಲಿ ಎರಡು ಟ್ರೇಲರುಗಳ ಹಿಂದೆ ಬರುವ ಬಸ್ಸಾಗಲಿ ಆಂಬ್ಯುಲೆನ್ಸಾಗಲಿ ಹಾರ್ನ್ ಹೊಡೆದರೆ ಡ್ರೈವರಿಗೆ ಕೇಳಿಸಬೇಕು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ಕೇಳಬಹುದೆಂದೂ, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧಕ್ಕಿಳಿಯುವುದೆಂದೂ ತಜ್ಞರ ಲೆಕ್ಕ. 100ಕ್ಕೆ ಉಳಿಯುವುದು ಕಾಲು ತಾಸು ಮಾತ್ರ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಊರವರ ನಿದ್ದೆಗೆ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ರಕ್ಷಣೆಯೂ ಇದೆ. ನಾವು ಈಗ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇವೆ. ಟ್ರೇಲರು ಸಮೇತ ಇಂಜಿನ್ನು ಚಾಲೂ ಮಾಡಿ ಕಾಕಾ ಸೀಟಿನಲ್ಲಿ ಕೂಡುತ್ತಾನೆ. ನಾನು ಹಿಂದೆ ನಿಂತು ಮೋಟಾರ್ ಸೈಕಲ್ಲಿನ ಹಾರ್ನ್ ಒತ್ತುತ್ತೇನೆ. ಹಾರ್ನ್ ಕೇಳಿಸಿ ಅವನು ಕೈ ಎತ್ತುವಲ್ಲಿಯವರೆಗೆ ಸದ್ದು ಇಳಿಸುತ್ತ ಬಂದು, ಆಗ ಸೆಟ್ಟು ತೋರಿಸುವ ಅಂಕಿಯನ್ನು ಬಿಳಿ ಬಣ್ಣದಿಂದ ಮಡ್‌ಗಾರ್ಡಿನ ಮೇಲೆ ಬರೆದಿದ್ದೇವೆ. ಅದನ್ನು ದಾಟಕೂಡದು.

ನಮ್ಮ ಗೆರೆ 14ಕ್ಕೆ ನಿಂತಿದೆ. ಸೆಟ್ಟಿನಲ್ಲಿರುವುದು 40. ಉಳಿದ 26 ಅಂಕಿಗಳನ್ನು ಹಿಂದೆ ಬರುವವರ ಪ್ರಾಣಕ್ಕಾಗಿ ಬಿಟ್ಟುಕೊಟ್ಟಿದ್ದೇವೆ. ಹಾಡಿನ ಸೊಗಸಿಗೆ ಅದರಿಂದ ಯಾವ ಕುಂದೂ ಬಂದಿಲ್ಲ.