ಪ್ಯಾರನಾಯಾ

ಪ್ಯಾರನಾಯಾ ಎಂಬುದು, ತಕ್ಕ ಆಧಾರವಿಲ್ಲದೆಯೇ ಇತರರು ತನಗೆ ಕೇಡು ಬಗೆಯುತ್ತಿದ್ದಾರೆ, ವಂಚಿಸುತ್ತಿದ್ದಾರೆ ಅಥವಾ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂದು ಬಲವಾಗಿ ನಂಬುವ ಮನಃಸ್ಥಿತಿಯನ್ನು ಸೂಚಿಸುವ ಇಂಗ್ಲಿಷ್ ಪದ. ಕನ್ನಡದಲ್ಲಿ ಇದನ್ನು ಸಂದರ್ಭಾನುಸಾರ ಅತಿಸಂಶಯ ಅಥವಾ ಸಂಶಯರೋಗ ಎನ್ನಬಹುದು. ಆಡುಮಾತಿನ 'ಸಂಶಯ ಪಿಶಾಚಿ' ಎಂಬುದು ಸ್ವಭಾವವನ್ನು ಕುರಿತ ಮಾತೇ ಹೊರತು ರೋಗದ ಹೆಸರಲ್ಲ.

ಪದದ ಮೂಲ

ಈ ಪದವು ಗ್ರೀಕ್ ಭಾಷೆಯದು. 'ಪಾರಾ' ಎಂದರೆ ಪಕ್ಕಕ್ಕೆ ಅಥವಾ ಆಚೆಗೆ; 'ನೂಸ್' ಎಂದರೆ ಮನಸ್ಸು, ಬುದ್ಧಿ. ಬುದ್ಧಿಯು ತನ್ನ ನೆಲೆಯಿಂದ ಸರಿದಿರುವುದು ಎಂಬುದು ಇದರ ಮೂಲಾರ್ಥ. ಪ್ರಾಚೀನ ಗ್ರೀಕರಲ್ಲಿ ಇದು ಸಾಮಾನ್ಯವಾಗಿ ಹುಚ್ಚುತನಕ್ಕೆ ಸಲ್ಲುತ್ತಿತ್ತು. ಸಂಶಯದ ಅರ್ಥ ಇದಕ್ಕಿರಲಿಲ್ಲ. ಬುದ್ಧಿಗೆಟ್ಟು ಆಸ್ತಿಯನ್ನು ಹಾಳುಮಾಡುತ್ತಿರುವ ತಂದೆಯ ವಿರುದ್ಧ ಮಗನು ದಾವೆ ಹೂಡಲು ಅಥೆನ್ಸಿನ ಕಾನೂನಿನಲ್ಲಿ ಅವಕಾಶವಿತ್ತು. ಅಂತಹ ದಾವೆಗೂ ಇದೇ ಹೆಸರು. ನಾಟಕಕಾರ ಸೊಫೊಕ್ಲಿಸನ ಮೇಲೆ ಅವನ ಮಕ್ಕಳೇ ಇಂತಹ ಆರೋಪ ಹೊರಿಸಿದಾಗ, ಅವನು ತಾನು ಆಗತಾನೆ ಬರೆದಿದ್ದ ನಾಟಕವನ್ನು ನ್ಯಾಯಾಧೀಶರ ಮುಂದೆ ಓದಿ ಬಿಡುಗಡೆ ಪಡೆದನೆಂಬ ಕಥೆಯನ್ನು ರೋಮನ್ ಲೇಖಕ ಸಿಸೆರೊ ಹೇಳಿದ್ದಾನೆ.

ವೈದ್ಯಕೀಯ ಬಳಕೆ

18 ಮತ್ತು 19ನೆಯ ಶತಮಾನಗಳಲ್ಲಿ ಜರ್ಮನ್ ವೈದ್ಯರು ಈ ಪದವನ್ನು ಮತ್ತೆ ಬಳಕೆಗೆ ತಂದರು. ಮನೋವೈದ್ಯ ಎಮಿಲ್ ಕ್ರೇಪೆಲಿನ್ (1856–1926) ಇದರ ಅರ್ಥವನ್ನು ಖಚಿತಗೊಳಿಸಿದನು. ಆಲೋಚನೆ, ನಡವಳಿಕೆಗಳು ಬಹುಮಟ್ಟಿಗೆ ಕ್ರಮದಲ್ಲಿದ್ದೂ, ತರ್ಕಬದ್ಧವಾಗಿ ಹೆಣೆದುಕೊಂಡ ಅಚಲವಾದ ತಪ್ಪು ನಂಬಿಕೆಯೊಂದು ಮನಸ್ಸಿನಲ್ಲಿ ನೆಲೆಯೂರುವ ಸ್ಥಿತಿಗೆ ಅವನು ಈ ಹೆಸರನ್ನು ಮೀಸಲಿಟ್ಟನು. ಅಮೆರಿಕದ ಮನೋವೈದ್ಯ ಸಂಘದ ರೋಗವರ್ಗೀಕರಣದ 1987ರ ಪರಿಷ್ಕರಣೆಯಲ್ಲಿ ಇಂತಹ ಸ್ಥಿತಿಗೆ 'ಭ್ರಾಂತಿ ಕಾಯಿಲೆ' ಎಂಬರ್ಥದ ಹೆಸರು ಬಂದಿತು. ಪ್ಯಾರನಾಯ್ಡ್ ವ್ಯಕ್ತಿತ್ವ ದೋಷ ಎಂಬುದು ಇದರಿಂದ ಭಿನ್ನ. ಅದರಲ್ಲಿ ಅಪನಂಬಿಕೆಯು ಯೌವನದಿಂದಲೇ ಸ್ವಭಾವವಾಗಿ ಬೇರೂರಿರುತ್ತದೆ.

ಸಂಶಯ ಮತ್ತು ರೋಗ

ಎಲ್ಲ ಸಂಶಯವೂ ರೋಗವಲ್ಲ. ಸಾಮಾನ್ಯ ಸಂಶಯವು ವಿರುದ್ಧವಾದ ಸಾಕ್ಷ್ಯ ದೊರೆತಾಗ ಸಡಿಲಗೊಳ್ಳುತ್ತದೆ. ಭ್ರಾಂತಿಯಾದರೋ ಆ ಸಾಕ್ಷ್ಯವನ್ನೂ ಸಂಚಿನ ಭಾಗವೆಂದೇ ಎಣಿಸುತ್ತದೆ. ಆದರೆ ನಂಬಲು ಕಷ್ಟವಾದ ದೂರೆಲ್ಲವೂ ಭ್ರಾಂತಿಯಾಗಿರಬೇಕಿಲ್ಲ. ಅಮೆರಿಕದ ಅಟಾರ್ನಿ ಜನರಲ್ ಆಗಿದ್ದ ಜಾನ್ ಮಿಚೆಲ್ ಅವರ ಪತ್ನಿ ಮಾರ್ಥಾ ಮಿಚೆಲ್, 1972ರಲ್ಲಿ ಪತ್ರಕರ್ತೆಯೊಬ್ಬರಿಗೆ ದೂರವಾಣಿಯಲ್ಲಿ ಮಾತನಾಡದಂತೆ ತಮ್ಮನ್ನು ಹೋಟೆಲ್ ಕೋಣೆಯಲ್ಲಿ ಕೂಡಿಹಾಕಲಾಗಿತ್ತೆಂದೂ ಆಡಳಿತದಲ್ಲಿ ಅಕ್ರಮಗಳು ನಡೆದಿವೆಯೆಂದೂ ಹೇಳಿದರು. ಅವರ ಮನಸ್ಸು ಸ್ವಸ್ಥವಾಗಿಲ್ಲವೆಂದು ಹಲವರು ಆಡಿಕೊಂಡರು. ವಾಟರ್‌ಗೇಟ್ ಹಗರಣವು ಬಯಲಾದಾಗ ಅವರ ಮಾತು ಬಹುಪಾಲು ನಿಜವೆಂದು ತಿಳಿಯಿತು. ವಾಸ್ತವ ಸಂಗತಿಯನ್ನು ವೈದ್ಯರು ಭ್ರಾಂತಿಯೆಂದು ತಪ್ಪಾಗಿ ಗುರುತಿಸುವುದಕ್ಕೆ ಇಂದು 'ಮಾರ್ಥಾ ಮಿಚೆಲ್ ಪರಿಣಾಮ' ಎಂಬ ಹೆಸರಿದೆ.

ಕಾರಣ ಮತ್ತು ಚಿಕಿತ್ಸೆ

ಸ್ಕಿಜೋಫ್ರೀನಿಯಾ, ಮರೆವಿನ ಕಾಯಿಲೆಗಳು, ತೀವ್ರ ನಿದ್ರಾಹೀನತೆ ಹಾಗೂ ಕೊಕೇನ್, ಆಂಫೆಟಮೈನ್‌ಗಳ ಸೇವನೆಯಲ್ಲಿಯೂ ಈ ಲಕ್ಷಣವು ಕಾಣಿಸಿಕೊಳ್ಳಬಹುದು. ಕಾರಣಕ್ಕೆ ತಕ್ಕಂತೆ ಔಷಧ ಮತ್ತು ಮನೋಚಿಕಿತ್ಸೆಗಳನ್ನು ನೀಡಲಾಗುತ್ತದೆ. ರೋಗಿಯು ವೈದ್ಯರನ್ನೇ ಶಂಕಿಸುವ ಸಂಭವವಿರುವುದರಿಂದ, ವಾದಿಸಿ ಗೆಲ್ಲುವುದಕ್ಕಿಂತ ವಿಶ್ವಾಸ ಗಳಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆಯಾಗಿದೆ.